ತಂತ್ರಾಂಶದ ಆಯುಷ್ಯವೂ ಆಂಗ್ಲ ಶಬ್ದಗಳೂ

ನಾನೇ ಮಾಡಿದ ತಪ್ಪೊಂದರಿಂದ ಈ ಪಾಠವನ್ನು ಆರಂಭಿಸುತ್ತೇನೆ. ಹೋದ ವರ್ಷ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರನ್ನು ಕುರಿತ ಆಂಗ್ಲ ಪ್ರಬಂಧದಲ್ಲಿ, ತಂತ್ರಾಂಶದ ಹಳೆಯ ಭಾಗವೊಂದು ‘ಡೆಪ್ರಿಕೇಟೆಡ್’ ಆಗಿದೆ ಎಂದು ಬರೆದಿದ್ದಳು. ನಾನು ಹಿಂದುಮುಂದು ನೋಡದೆ ಕೆಂಪು ಶಾಯಿಯಿಂದ ಅದನ್ನು ‘ಡಿಪ್ರೀಷಿಯೇಟೆಡ್’ ಎಂದು ತಿದ್ದಿ, ಒಂದು ಅಂಕವನ್ನೂ ಕಳೆದೆ. ಮರುದಿನ ಅವಳು ತಂತ್ರಾಂಶದ ಕೈಪಿಡಿಯ ಹಾಳೆಯೊಂದನ್ನು ತಂದು, “ಸರ್, ಇಲ್ಲಿಯೂ ನಾನು ಬರೆದಂತೆಯೇ ಇದೆ” ಎಂದು ಮೆಲ್ಲಗೆ ಹೇಳಿದಳು. ಅಂಥ ಕೈಪಿಡಿಗಳನ್ನು ಬರೆಯುವ ಕೆಲಸಕ್ಕೇ ಅವಳು ಅರ್ಜಿ ಹಾಕುವವಳಿದ್ದಳು. ನನ್ನ ಮಾತನ್ನು ನಂಬಿ ಅರ್ಜಿಯಲ್ಲೂ ತಿದ್ದಿಕೊಂಡಿದ್ದರೆ!

ಇವೆರಡೂ ಲ್ಯಾಟಿನ್ ಮೂಲದ ಶಬ್ದಗಳೇ. ಆದರೆ ಧಾತುಗಳು ಬೇರೆ. ನಾನು ಬರೆದ ಶಬ್ದದಲ್ಲಿರುವುದು ಬೆಲೆ. ಯಂತ್ರವೋ ವಾಹನವೋ ವರ್ಷ ಕಳೆದಂತೆ ಬೆಲೆ ಇಳಿಯುವುದನ್ನು ವಾಣಿಜ್ಯದ ವಿದ್ಯಾರ್ಥಿಗಳು ಬಲ್ಲರು. ಅವಳು ಬರೆದ ಶಬ್ದದಲ್ಲಿರುವುದು ಪ್ರಾರ್ಥನೆ. ಕೇಡು ತೊಲಗಲೆಂದು ಬೇಡಿಕೊಳ್ಳುವುದೇ ಅದರ ಮೊದಲ ಅರ್ಥ. ಅದರಿಂದ ಒಪ್ಪದಿರುವುದು, ಬೇಡವೆನ್ನುವುದು ಎಂಬ ಅರ್ಥ ಬಂದಿತು. ತಂತ್ರಾಂಶದವರು ಅದನ್ನು ಇನ್ನಷ್ಟು ಬಿಗಿಗೊಳಿಸಿದ್ದಾರೆ: ವಸ್ತು ಇದೆ, ಕೆಲಸವನ್ನೂ ಮಾಡುತ್ತದೆ; ಆದರೆ ಮುಂದೆ ತೆಗೆದುಹಾಕುವ ಸಂಭವವಿರುವುದರಿಂದ ಹೊಸದಾಗಿ ಬಳಸಬೇಡಿರಿ.

ಇದಕ್ಕೆ ನಮ್ಮ ಜೇಬಿನಲ್ಲೇ ನಿದರ್ಶನ ಉಂಟು. 2023ರ ಮೇ 19ರಂದು ರಿಸರ್ವ್ ಬ್ಯಾಂಕು ಎರಡು ಸಾವಿರ ರೂಪಾಯಿಯ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ಸಾರಿತು. ಆದರೆ ಅದು ಕಾನೂನುಬದ್ಧ ಹಣವಾಗಿಯೇ ಇರುವುದೆಂದೂ ಹೇಳಿತು. ಇದೇ ಡೆಪ್ರಿಕೇಟೆಡ್ ಸ್ಥಿತಿ. ನಾವು ನಾಲ್ಕಾಣೆ ಎನ್ನುತ್ತಿದ್ದ ಇಪ್ಪತ್ತೈದು ಪೈಸೆಯ ನಾಣ್ಯವಾದರೋ 2011ರ ಜೂನ್ 30ರಿಂದ ನಾಣ್ಯವೆಂಬ ಮಾನ್ಯತೆಯನ್ನೇ ಕಳೆದುಕೊಂಡಿತು. ಅದನ್ನು ‘ಅಬ್ಸಲೀಟ್’ ಎನ್ನಬಹುದು. ಮೊದಲನೆಯದು ಎಚ್ಚರಿಕೆ, ಎರಡನೆಯದು ಮುಕ್ತಾಯ. ಒಂದರ ಸ್ಥಳದಲ್ಲಿ ಇನ್ನೊಂದನ್ನು ಬರೆದರೆ ಓದುಗನು ಇನ್ನೂ ನಡೆಯುವ ವಸ್ತುವನ್ನು ಎಸೆದಾನು, ಇಲ್ಲವೆ ಸತ್ತದ್ದನ್ನು ನೆಚ್ಚಿ ಕುಳಿತಾನು.

‘ಎಂಡ್ ಆಫ್ ಲೈಫ್’ ಎಂಬುದೂ ಹೀಗೆಯೇ ದಾರಿ ತಪ್ಪಿಸುವ ಮಾತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯು 2014ರ ಏಪ್ರಿಲ್ 8ರಂದು ಬೆಂಬಲವನ್ನು ನಿಲ್ಲಿಸಿತು. ಮರುದಿನ ಯಂತ್ರಗಳೇನೂ ನಿಂತುಹೋಗಲಿಲ್ಲ. ದೋಷ ಕಂಡುಬಂದರೆ ಸರಿಪಡಿಸಿಕೊಡುವ ಹೊಣೆ ತಯಾರಕರದಲ್ಲ ಎಂದಷ್ಟೇ ಅದರ ಅರ್ಥ. ಸತ್ತದ್ದು ತಂತ್ರಾಂಶವಲ್ಲ, ತಯಾರಕರ ಮಾತು!

‘ಲೈಫ್ ಸೈಕಲ್’ ಎಂಬುದನ್ನು ಒಂದೇ ಪದವಾಗಿ ಬರೆಯಬೇಕೆ, ಎರಡಾಗಿಯೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಜೀವಶಾಸ್ತ್ರದಲ್ಲಿ ಎರಡಾಗಿ ಬರೆಯುವುದು ವಾಡಿಕೆ. ತಂತ್ರಾಂಶದವರಲ್ಲಿ ಅನೇಕರು ಕೂಡಿಸಿಯೇ ಬರೆಯುತ್ತಾರೆ. ಒಂದು ಬರಹದಲ್ಲಿ ಒಂದೇ ರೀತಿ ಇದ್ದರಾಯಿತು. ಜೀವನಚಕ್ರವೆಂದು ಸಮಾಸ ಮಾಡಿಕೊಂಡ ನಮಗೆ ಈ ತೊಡಕಿಲ್ಲ. ಆದರೆ ‘ಲಾಗಿನ್’, ‘ಸೆಟಪ್’ ಎಂಬಲ್ಲಿ ಇಷ್ಟು ಸಡಿಲು ಸಲ್ಲದು: ನಾಮಪದವಾದಾಗ ಕೂಡಿಸಿಯೂ ಕ್ರಿಯಾಪದವಾದಾಗ ಬಿಡಿಸಿಯೂ ಬರೆಯತಕ್ಕದ್ದು.

‘ಲೆಗಸಿ’ ಎಂಬ ಶಬ್ದದ ಪಾಡು ನನಗೆ ನಗೆ ತರಿಸುತ್ತದೆ. ಸಾಮಾನ್ಯ ಆಂಗ್ಲದಲ್ಲಿ ಅದು ಹಿರಿಯರು ಬಿಟ್ಟುಹೋದ ಸೊತ್ತು, ಗೌರವದ ಮಾತು. ತಂತ್ರಾಂಶದವರ ಬಾಯಲ್ಲಿ ಅದು ಪಿತ್ರಾರ್ಜಿತವಾಗಿ ಬಂದ ಸೋರುವ ಮನೆ, ಕೆಡವುವಂತಿಲ್ಲ, ವಾಸಿಸುವುದೂ ಕಷ್ಟ.

ಆ ವಿದ್ಯಾರ್ಥಿನಿಯ ಅಂಕವನ್ನು ಮರಳಿ ಕೊಡೋಣವೆಂದರೆ ಅಂಕಪಟ್ಟಿ ಆಗಲೇ ಕಚೇರಿಗೆ ಹೋಗಿತ್ತು. ತಿದ್ದುಪಡಿಗೆ ಕಾರಣವೇನೆಂದು ಪ್ರಾಂಶುಪಾಲರು ಕೇಳಿದರು. ಮೇಲೆ ಬರೆದ ಎರಡು ಶಬ್ದಗಳ ವ್ಯತ್ಯಾಸವನ್ನು ಅರ್ಧ ಪುಟದಲ್ಲಿ ವಿವರಿಸಿ, ತಪ್ಪು ನನ್ನದೆಂದು ರುಜು ಹಾಕಿ ಕೊಟ್ಟೆ.