ಚಪ್ಪಲಿ ಹೊಲಿಯುವವರಿಗೆ ಲೈಬ್ರರಿಯಲ್ಲಿ ಏನು ಕೆಲಸ?

ಪ್ರಶ್ನೆ: ನಾನು ಭೋಜದವಳು. ನಿಪ್ಪಾಣಿ ಕಡೆಯ ಪದವಿ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಗ್ರಂಥಪಾಲಕಿ. ವಿದ್ಯಾರ್ಥಿಯೊಬ್ಬನ ತಂದೆ ಚಪ್ಪಲಿ ಹೊಲಿಯುತ್ತಾರೆ. ‘ಕೊಲ್ಹಾಪುರಿಗೆ ಜಿಐ ಅಂತ ಬಂದದಂತ, ನಮಗೂ ಬರ್ತದೇನ್ರಿ?’ ಎಂದು ಕೇಳಿದರು. ಹುಡುಕಿ ಹೇಳಿದೆ. ಈಗ ಬೆಲ್ಲದ ಪುಡಿ ಮಾರುವ ಅಕ್ಕಂದಿರೂ ಬರುತ್ತಾರೆ, ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಯಂಥ ಅರ್ಜಿಗಳನ್ನೂ ನಾನೇ ತುಂಬುತ್ತೇನೆ. ‘ಇದು ಲೈಬ್ರರಿಯೋ, ಅರ್ಜಿ ಅಂಗಡಿಯೋ?’ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ಬಿಟ್ಟುಬಿಡಲೇ?
– ಹೆಸರು ಬೇಡ, ಭೋಜ

ಉತ್ತರ: ಬಿಡಬೇಡಿ. ಆದರೆ ಅರ್ಜಿ ತುಂಬುವುದನ್ನು ಇವತ್ತೇ ನಿಲ್ಲಿಸಿ.

ಆ ತಂದೆಯ ಪ್ರಶ್ನೆಯನ್ನೇ ನೋಡಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಜಿಐ, ಅಂದರೆ ಭೌಗೋಳಿಕ ಗುರುತು, ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದ್ದು, ಅದರಲ್ಲಿ ನಮ್ಮ ಬೆಳಗಾವಿಯೂ ಇದೆ. ಆದರೆ ಜಿಲ್ಲೆಯ ಹೆಸರು ಇದ್ದ ಮಾತ್ರಕ್ಕೆ ಆಗದು. ಹೊಲಿಯುವವರು ಅಧಿಕೃತ ಬಳಕೆದಾರರೆಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ತಮ್ಮ ಹೆಸರು ಬರೆಸಬೇಕು. ಕರ್ನಾಟಕದ ಕಡೆಯಿಂದ ಆ ಗುರುತಿನ ಒಡೆತನ ಚರ್ಮೋದ್ಯಮದ ಲಿಡ್ಕರ್ ನಿಗಮದ್ದು, ವಿಚಾರಿಸಬೇಕಾದದ್ದೂ ಅಲ್ಲಿಯೇ. ಇಷ್ಟನ್ನು ಹುಡುಕಿ, ಸರಿಯೋ ತಪ್ಪೋ ನೋಡಿ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಅಪ್ಪಟ ಗ್ರಂಥಪಾಲಕರ ಕೆಲಸ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಪಂಚಸೂತ್ರ ಬರೆದಾಗ ‘ಓದುಗ’ ಎಂದದ್ದು ಹಾಜರಿ ಪುಸ್ತಕದಲ್ಲಿ ಹೆಸರಿರುವವರನ್ನು ಮಾತ್ರವಲ್ಲ. ಅದೇ ವರ್ಷ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೋದವು.

ಅರ್ಜಿಯ ಮಾತು ಬೇರೆ. ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಬೇಕಿಲ್ಲ. ಏಜೆಂಟರು ದುಡ್ಡು ಕೇಳಿದರೆ ಕೊಡಬೇಡಿರೆಂದು ಆ ಅಕ್ಕಂದಿರಿಗೆ ಹೇಳಿ. ಆದರೆ ಆಧಾರ್ ಅವರದು, ಓಟಿಪಿ ಬರುವುದು ಅವರ ಫೋನಿಗೆ. ನಿಮ್ಮ ಕೈಯಿಂದ ಒಂದು ಅಂಕಿ ತಪ್ಪಿದರೆ ನಾಳೆ ಬ್ಯಾಂಕಿನಲ್ಲಿ ನಿಲ್ಲುವವರು ಅವರು, ಮಾತು ಕೇಳುವವರು ನೀವು. ಅವರ ಮಗನೋ ಮಗಳೋ ಪಕ್ಕದಲ್ಲಿ ಕೂತು ತುಂಬಲಿ, ನೀವು ತೋರಿಸಿಕೊಡಿ. ವಾರಕ್ಕೊಂದು ಮಧ್ಯಾಹ್ನ ಸಾಕು.

ಆಡಿಕೊಳ್ಳುವವರ ಜೊತೆ ವಾದ ಬೇಡ. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್‌ನ ಮಾನದಂಡಗಳಲ್ಲಿ ಸಂಶೋಧನೆಯ ಜೊತೆಗೆ ವಿಸ್ತರಣಾ ಚಟುವಟಿಕೆಯೂ ಇದೆ. ಪ್ರಾಂಶುಪಾಲರ ಮುಂದೆ ಅದನ್ನು ಇಟ್ಟು, ಲಿಖಿತ ಅನುಮತಿ ಕೇಳಿ. ಇದನ್ನೆಲ್ಲ ಈವರೆಗೆ ಎಲ್ಲಿಯೂ ಬರೆದಿಡಲಿಲ್ಲವೆಂದು ತೋರುತ್ತದೆ, ನನಗೆ ನಿಜವಾಗಿ ಸಂಕಟವಾದದ್ದು ಅದಕ್ಕೇ. ಒಂದು ರಿಜಿಸ್ಟರ್ ಇಡಿ: ತಾರೀಖು, ಯಾವ ಊರು, ಏನು ಕೇಳಿದರು, ಎಲ್ಲಿ ಉತ್ತರ ಸಿಕ್ಕಿತು. ಮೊದಲ ಸಾಲಿಗೆ ಆ ಚಪ್ಪಲಿಯವರ ಪ್ರಶ್ನೆಯನ್ನೇ, ಅವರು ಕೇಳಿದ ಮಾತಿನಲ್ಲೇ ಬರೆಯಿರಿ.