ಇಂದಿನ ಧಮ್ಮ ಚಿಂತನೆ: ‘ಸಿಗಲಿಲ್ಲ’ ಎಂದು ಬರೆದಿಡುವವರು



ಪಂಚಶೀಲದ ನಾಲ್ಕನೆಯ ಶೀಲವನ್ನು ಓದುತ್ತಿದ್ದಾಗ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದ ಪ್ರಶ್ನೆ ಇದು: “ಸರ್, ಸುಳ್ಳು ಹೇಳಬಾರದು, ಸರಿ. ಆದರೆ ನಮ್ಮ ಕೈಲಿ ಆಗದೇ ಹೋದದ್ದನ್ನ ಯಾರಿಗೂ ಹೇಳದೆ ಸುಮ್ಮನಿದ್ದುಬಿಟ್ಟರೆ, ಅದೂ ಮುಸಾವಾದ ಆಗುತ್ತಾ?”

ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಒಂದು ಆಟ. ಅದನ್ನು ಆಡುವವರು ಇದೇ ಪ್ರಶ್ನೆಯನ್ನು 25 ವರ್ಷಗಳಿಂದ ತಮ್ಮೊಳಗೆ ವಾದಿಸುತ್ತಲೇ ಇದ್ದಾರೆ. ಆಟದ ಹೆಸರು ಜಿಯೋಕ್ಯಾಶಿಂಗ್. ನಮ್ಮಲ್ಲಿ ಆಡುವವರು ಕಡಿಮೆ. ಹಾಗಾಗಿ ಮೊದಲು ಆಟ ಏನೆಂದು ಹೇಳುತ್ತೇನೆ.

2000ನೇ ಇಸವಿಯ ಮೇ ತಿಂಗಳವರೆಗೆ ಜಿಪಿಎಸ್ ಸಾಮಾನ್ಯ ಜನರಿಗೆ ನಿಖರವಾದ ಜಾಗ ತೋರಿಸುತ್ತಿರಲಿಲ್ಲ. ಅಮೆರಿಕ ಸರ್ಕಾರ ಬೇಕೆಂದೇ ಸಂಕೇತದಲ್ಲಿ ದೋಷ ಬೆರೆಸಿ ಬಿಡುತ್ತಿತ್ತು. ಸುಮಾರು 100 ಮೀಟರ್ ಆಚೀಚೆ ಆಗುತ್ತಿತ್ತು. ಮೇ 2ರಂದು ಆ ಬೆರಕೆಯನ್ನು ನಿಲ್ಲಿಸಿದರು. ಮಾರನೇ ದಿನವೇ ಡೇವ್ ಉಲ್ಮರ್ ಎಂಬ ವ್ಯಕ್ತಿ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್‌ನಲ್ಲಿ ಕೆಲವು ಪುಸ್ತಕ, ವಿಡಿಯೋ, ಒಂದು ಕವಣೆ, ಜೊತೆಗೆ ಬಂದವರು ಹೆಸರು ಬರೆಯಲು ಪುಸ್ತಕ, ಪೆನ್ಸಿಲ್ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ಹಾಕಿದ. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿದರು. ಈಗ ಲೋಕದಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. ಕೆಲವು ಟಿಫಿನ್ ಡಬ್ಬಿಯಷ್ಟು, ಕೆಲವು ಹಳೇ ಕ್ಯಾಮೆರಾದ ಫಿಲ್ಮ್ ಡಬ್ಬಿಯಷ್ಟು, ಇನ್ನು ಕೆಲವು ಬೆರಳ ತುದಿಯಷ್ಟೇ, ಆಯಸ್ಕಾಂತ ಹಚ್ಚಿ ಕಬ್ಬಿಣದ ಕಂಬಿಗೆ ಅಂಟಿಸಿದಂಥವು. ಎಷ್ಟು ಕಷ್ಟ ಎನ್ನುವುದಕ್ಕೆ 1ರಿಂದ 5ರವರೆಗೆ ಅಂಕ ಕೊಟ್ಟಿರುತ್ತಾರೆ.

ಮೊಬೈಲ್ ನಮ್ಮನ್ನು ಡಬ್ಬಿಯಿಂದ ಕೆಲವು ಮೀಟರ್ ಹತ್ತಿರಕ್ಕೆ ಕರೆದೊಯ್ಯುತ್ತದೆ, ಅಷ್ಟೇ. ಕೊನೆಯ ಹತ್ತು ಹೆಜ್ಜೆಯಲ್ಲಿ ಅದು ಏನೂ ಮಾಡಲಾರದು. ಕಲ್ಲು ಸರಿಸಿ, ಬೇರಿನ ಸಂದಿಯಲ್ಲಿ ಕೈ ಹಾಕಿ, ಮಂಡಿಯೂರಿ ನಾವೇ ಹುಡುಕಬೇಕು. ಬುದ್ಧರು ತಮ್ಮನ್ನು ಮೋಕ್ಷದಾತ ಎನ್ನದೆ ಮಾರ್ಗದಾತ ಎಂದದ್ದನ್ನು ಬಾಬಾಸಾಹೇಬರು ಎಷ್ಟು ಒತ್ತಿ ಬರೆದಿದ್ದಾರೆ ಎಂಬುದು ನಿಮಗೆ ಗೊತ್ತೇ ಇದೆ.

ಡಬ್ಬಿ ಸಿಕ್ಕರೆ ಒಳಗಿನ ಕಾಗದದಲ್ಲಿ ಹೆಸರು ಬರೆದು, ಆ್ಯಪ್‌ನಲ್ಲಿ ‘ಸಿಕ್ಕಿತು’ ಎಂದು ದಾಖಲಿಸುತ್ತಾರೆ. ಹಳದಿ ನಗುಮುಖ ಬೀಳುತ್ತದೆ. ಸಿಗದಿದ್ದರೆ ‘ಸಿಗಲಿಲ್ಲ’ ಎಂದು ದಾಖಲಿಸಬಹುದು. ಇದನ್ನು ಅವರು ಡಿಎನ್‌ಎಫ್ ಎನ್ನುತ್ತಾರೆ. ನೀಲಿ ಅಳುಮುಖ ಬೀಳುತ್ತದೆ. ಎಷ್ಟು ಡಬ್ಬಿ ಹುಡುಕಿದ್ದೀರಿ ಎಂಬ ಸಂಖ್ಯೆ ನಿಮ್ಮ ಹೆಸರಿನ ಜೊತೆ ಎಲ್ಲರಿಗೂ ಕಾಣುತ್ತದೆ. ಎಷ್ಟು ಸಿಗಲಿಲ್ಲ ಎಂಬುದು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಅದನ್ನು ಬರೆದರೆ ಬರೆದವರಿಗೆ ಲಾಭವಿಲ್ಲ. ಬರೆಯದಿದ್ದರೆ ಕೇಳುವವರೂ ಇಲ್ಲ.

ಆದ್ದರಿಂದ ಬಹಳ ಜನ ಬರೆಯುವುದಿಲ್ಲ. ಮುಖ್ಯ ಕಾರಣ ನಾಚಿಕೆ. ಕಷ್ಟ 1 ಎಂದು ಗುರುತು ಮಾಡಿದ ಡಬ್ಬಿ, ಹಿಂದೆ ನೂರಾರು ಜನಕ್ಕೆ ಸಿಕ್ಕಿದೆ, ಚಿಕ್ಕ ಮಕ್ಕಳಿಗೂ ಸಿಕ್ಕಿದೆ. ನನಗೆ ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ ಎಂದು ಊರಿಗೆಲ್ಲ ಸಾರುವುದು ಹೇಗೆ? ಇನ್ನು ಕೆಲವರು ‘ಇನ್ನೊಮ್ಮೆ ಬರುತ್ತೇನಲ್ಲ, ಹುಡುಕಾಟ ಇನ್ನೂ ಮುಗಿದಿಲ್ಲ’ ಎಂದುಕೊಳ್ಳುತ್ತಾರೆ. ಮತ್ತೆ ಕೆಲವರದು ಪ್ರಾಮಾಣಿಕ ಸಂದೇಹ: ಹೋದೆ, ಜನ ಓಡಾಡುತ್ತಿದ್ದರು, ಐದು ನಿಮಿಷದಲ್ಲಿ ವಾಪಸು ಬಂದೆ, ಇದನ್ನು ‘ಹುಡುಕಿದೆ’ ಎನ್ನಬಹುದೇ? ಇದಕ್ಕೆ ಒಬ್ಬೊಬ್ಬರದು ಒಂದೊಂದು ನಿಯಮ. ದಾರಿ ಹಿಡಿದ ಕ್ಷಣದಿಂದಲೇ ಅದು ಹುಡುಕಾಟ ಎನ್ನುವವರಿದ್ದಾರೆ. ಜಾಗ ತಲುಪಿ, ಕೈ ಮಣ್ಣು ಮಾಡಿಕೊಂಡರೆ ಮಾತ್ರ ಎನ್ನುವವರಿದ್ದಾರೆ. ನನ್ನ ಮತ ಕೇಳಿದರೆ, ಐದು ನಿಮಿಷವಾದರೂ ಬರೆಯಬೇಕು, ಆದರೆ ಐದೇ ನಿಮಿಷ ಎಂದೂ ಬರೆಯಬೇಕು.

ಅದನ್ನು ಬರೆದರೆ ಯಾರಿಗೆ ಉಪಯೋಗ ಎಂಬುದರಲ್ಲೇ ಇದರ ತಿರುಳಿದೆ. ಪ್ರತಿ ದಾಖಲೆಯೂ ಡಬ್ಬಿ ಇಟ್ಟವರಿಗೆ ಹೋಗಿ ತಲುಪುತ್ತದೆ. ಸುಲಭವಾಗಿ ಸಿಗುತ್ತಿದ್ದ ಡಬ್ಬಿಗೆ ಒಂದರ ಹಿಂದೆ ಒಂದು ಮೂರು ನಾಲ್ಕು ‘ಸಿಗಲಿಲ್ಲ’ ಬಿದ್ದರೆ ಅವರಿಗೆ ಅನುಮಾನ ಬರುತ್ತದೆ: ಮಳೆನೀರಿಗೆ ಹೋಯಿತೋ, ಪಾರ್ಕ್ ಗುಡಿಸುವವರು ಕಸವೆಂದು ಎತ್ತಿದರೋ, ಮರವನ್ನೇ ಕಡಿದರೋ. ಹೋಗಿ ನೋಡುತ್ತಾರೆ, ಬೇಕಾದರೆ ಹೊಸದನ್ನು ಇಡುತ್ತಾರೆ. ಕಷ್ಟ 5ರ ಡಬ್ಬಿಗೆ ಹತ್ತು ‘ಸಿಗಲಿಲ್ಲ’ ಬಿದ್ದರೂ ಅದೇ ಅರ್ಥವಿಲ್ಲ, ಅದು ಸಹಜ. ಇನ್ನೊಬ್ಬರು ದೂರದೂರಿನಿಂದ ಮಕ್ಕಳನ್ನು ಕರೆದುಕೊಂಡು ಹೊರಡುವ ಮುಂಚೆ ಈ ನೀಲಿ ಮುಖಗಳನ್ನೇ ನೋಡಿ ಹೋಗುವುದೋ ಬೇಡವೋ ತೀರ್ಮಾನಿಸುತ್ತಾರೆ. ಮೊದಲು ಹೋದ ನಾಲ್ವರು ನಾಚಿಕೆಗೆ ಸುಮ್ಮನಿದ್ದರೆ ಐದನೆಯವರು ಅದೇ ಖಾಲಿ ಪೊದೆಯಲ್ಲಿ ಮುಳ್ಳು ಚುಚ್ಚಿಸಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ತಾವೊಬ್ಬರೇ ದಡ್ಡರು ಎಂದುಕೊಂಡು ಮನೆಗೆ ಹೋಗುತ್ತಾರೆ.

ಭಾಷೆ ಕಲಿಸುವವನಾಗಿ ನನಗೆ ಇನ್ನೊಂದು ವಿಷಯ ಇಷ್ಟವಾಯಿತು. ಅವರು ಬರೆಯುವುದು ‘ನನಗೆ ಸಿಗಲಿಲ್ಲ’ ಎಂದು. ‘ಇಲ್ಲ’ ಎಂದು ಅಲ್ಲ. ಮೊದಲನೆಯದು ತಾನು ಕಂಡಷ್ಟನ್ನೇ ಹೇಳುವ ಮಾತು. ಎರಡನೆಯದು ಕಾಣದ್ದರ ಬಗ್ಗೆ ತೀರ್ಪು. ನಮ್ಮ ಶಿಕ್ಷಕರ ಕೆಲಸದಲ್ಲಿ ಈ ಎರಡು ಮಾತಿನ ಅಂತರ ಬಹಳ ದೊಡ್ಡದು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮನೆಮನೆಗೆ ಹೋಗುತ್ತೇವೆ. ಒಂದು ಮನೆಗೆ ಬೀಗ. ಪಕ್ಕದವರು “ಕಬ್ಬು ಕಡಿಯೋಕೆ ಹೋದ್ರು, ಹುಡುಗಿನೂ ಹೋದ್ಲು” ಅನ್ನುತ್ತಾರೆ. ಹಾಳೆಯಲ್ಲಿ ‘ಹೊರಗುಳಿದ ಮಕ್ಕಳು: ಇಲ್ಲ’ ಎಂದು ಬರೆದರೆ ಕೆಲಸ ಮುಗಿಯಿತು, ಮೇಲಿನವರಿಗೂ ಸಂತೋಷ. ‘ಮೂರು ಸಲ ಹೋದೆ, ಬೀಗ ಇತ್ತು, ಗುಳೆ ಹೋಗಿದ್ದಾರೆ, ಮಗು ಸಿಗಲಿಲ್ಲ’ ಎಂದು ಬರೆದರೆ ಕುಟುಂಬ ಊರಿಗೆ ಮರಳಿದಾಗ ಯಾರಾದರೂ ಮತ್ತೆ ಆ ಬಾಗಿಲು ತಟ್ಟುತ್ತಾರೆ. ಹೀಗೆಯೇ ಬರೆಯಬೇಕೆಂದು ಹಟ ಹಿಡಿದ ಮುಖ್ಯೋಪಾಧ್ಯಾಯಿನಿ ಒಬ್ಬರ ಕೈಕೆಳಗೆ ಕೆಲಸ ಮಾಡುವ ಭಾಗ್ಯ ನನ್ನದಾಗಿತ್ತು. ‘ಇಲ್ಲ’ ಎಂಬ ಪದದಡಿ ಕಳೆದುಹೋಗುವ ಮಕ್ಕಳು ಹೆಚ್ಚಾಗಿ ಯಾವ ಕೇರಿಯವರು ಎಂದು ನಿಮಗೆ ಹೇಳಬೇಕಾಗಿಲ್ಲ.

ಆಟಕ್ಕೆ ಮರಳುತ್ತೇನೆ. ಸಿಗದಿದ್ದಾಗ ಸುಮ್ಮನಿರುವುದಕ್ಕಿಂತ ಕೆಟ್ಟದ್ದು ಒಂದಿದೆ. ಕೆಲವರು ಜೇಬಿನಲ್ಲಿ ಒಂದು ಫಿಲ್ಮ್ ಡಬ್ಬಿ ಇಟ್ಟುಕೊಂಡೇ ಹೋಗುತ್ತಾರೆ. ಸಿಗದಿದ್ದರೆ ‘ಕಳೆದುಹೋಗಿರಬೇಕು’ ಎಂದು ತಾವೇ ತೀರ್ಮಾನಿಸಿ, ತಮ್ಮ ಡಬ್ಬಿಯನ್ನು ಅಲ್ಲಿಟ್ಟು, ಅದರಲ್ಲೇ ಹೆಸರು ಬರೆದು, ‘ಸಿಕ್ಕಿತು’ ಎಂದು ನಗುಮುಖ ಹಾಕಿಕೊಳ್ಳುತ್ತಾರೆ. ನಿಜವಾದ ಡಬ್ಬಿ ಎಷ್ಟೋ ಸಲ ಅಲ್ಲೇ ಎರಡಡಿ ದೂರದಲ್ಲಿ ಇರುತ್ತದೆ! ಆಮೇಲೆ ಬಂದವರಿಗೆಲ್ಲ ನಕಲಿ ಸಿಗುತ್ತದೆ, ಅಸಲಿ ಸಿಗುವುದಿಲ್ಲ. ನಮ್ಮ 22 ಪ್ರತಿಜ್ಞೆಗಳಲ್ಲಿ ಐದನೆಯದನ್ನು, ಬುದ್ಧರನ್ನು ವಿಷ್ಣುವಿನ ಅವತಾರ ಎಂಬ ಮಾತನ್ನು ನಿರಾಕರಿಸುವುದನ್ನು, ನೆನಪು ಮಾಡಿಕೊಂಡರೆ ಈ ಕೈಚಳಕ ನಮಗೆ ಹೊಸದಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಆಟ ನಡೆಸುವ ಸಂಸ್ಥೆಯ ಕಂಪ್ಯೂಟರ್ ಪ್ರತಿ ಡಬ್ಬಿಗೂ ಆರೋಗ್ಯದ ಅಂಕ ಕೊಡುತ್ತದೆ. ‘ಸಿಗಲಿಲ್ಲ’ಗಳು ಹೆಚ್ಚಾದರೆ ಡಬ್ಬಿ ಇಟ್ಟವರಿಗೆ ತಾನೇ ಇಮೇಲ್ ಕಳಿಸುತ್ತದೆ, ಹೋಗಿ ನೋಡಿ ಎಂದು. ಕೆಲವು ಮಾಲೀಕರಿಗೆ ಇದರಿಂದ ಕಿರಿಕಿರಿ. ಅವರಿಗೆ ಬೇಸರವಾಗಬಾರದೆಂದು ಕೆಲವರು ‘ಸಿಗಲಿಲ್ಲ’ ಬರೆಯುವುದನ್ನೇ ಬಿಟ್ಟಿದ್ದಾರೆ. ನೋಡಲು ಇದು ಕರುಣೆಯಂತೆ ಕಾಣುತ್ತದೆ. ಆದರೆ ಮುಂದೆ ಬರುವವರ ಮೇಲೆ ಕರುಣೆ ಇಲ್ಲದ ಕರುಣೆ ಇದು. ಇನ್ನೊಂದು ಕಡೆ, ತಮ್ಮ ನೀಲಿ ಮುಖಗಳನ್ನು ಪ್ರೀತಿಯಿಂದ ಜೋಡಿಸಿಟ್ಟುಕೊಂಡವರೂ ಇದ್ದಾರೆ. ಸಿಕ್ಕ ಡಬ್ಬಿಗೆ ಎರಡು ಪದ ಬರೆದು ಮುಗಿಸುವವರೇ, ಸಿಗದ ದಿನದ ಬಗ್ಗೆ ದೊಡ್ಡ ಕಥೆ ಬರೆಯುತ್ತಾರೆ: ಬಂದ ಮಳೆ, ಅಟ್ಟಿಸಿಕೊಂಡು ಬಂದ ನಾಯಿ, ಇಲ್ಲೇನು ಹುಡುಕುತ್ತಿದ್ದೀರಿ ಎಂದು ಕೇಳಿದ ಪೊಲೀಸ್. ಓದಲು ಚೆನ್ನಾಗಿರುವುದು ಇವೇ.

ಇನ್ನು ಅಕ್ಕನ ಪ್ರಶ್ನೆಗೆ. ಮಜ್ಝಿಮ ನಿಕಾಯದಲ್ಲಿ ಬುದ್ಧರು ರಾಹುಲನಿಗೆ ಕೊಟ್ಟ ಉಪದೇಶವಿದೆ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ಒಂಚೂರು ನೀರನ್ನು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ, ತಿಳಿದೂ ಸುಳ್ಳಾಡಲು ನಾಚದವನ ಬದುಕು ಹೀಗೆ ಎಂದು ತೋರಿಸುತ್ತಾರೆ. ಅಲ್ಲಿಗೇ ನಿಲ್ಲುವುದಿಲ್ಲ. ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ಪ್ರತಿ ಕೆಲಸವನ್ನೂ ಕನ್ನಡಿಯಲ್ಲಿ ನೋಡುವಂತೆ ನೋಡು, ಸರಿಯಾಗಿರದಿದ್ದರೆ ತಿಳಿದವರ ಮುಂದೆ ಬಿಚ್ಚಿ ಹೇಳು ಎನ್ನುತ್ತಾರೆ. ಅಂದರೆ ಈ ಉಪದೇಶದಲ್ಲಿ ಸುಳ್ಳಾಡದಿರುವುದೂ ಬಿಚ್ಚಿ ಹೇಳುವುದೂ ಒಂದೇ ಪಾಠದ ಎರಡು ಭಾಗ. ಮೌನವೆಲ್ಲ ಸುಳ್ಳಲ್ಲ. ನಮ್ಮ ಮೌನದಿಂದ ಇನ್ನೊಬ್ಬರು ಖಾಲಿ ಪೊದೆಗೆ ಹೋಗುತ್ತಾರೆ ಎಂದು ಗೊತ್ತಿದ್ದೂ ಸುಮ್ಮನಿದ್ದರೆ, ಆ ಮೌನ ಸುಳ್ಳಿನ ಪಕ್ಕದಲ್ಲೇ ಕೂತಿದೆ ಎಂದು ನನಗೆ ಅನ್ನಿಸುತ್ತದೆ.

ರಾಹುಲನಿಗೆ ಸುಳ್ಳಿನ ಬಗ್ಗೆ ಕೊಟ್ಟ ಈ ಉಪದೇಶವನ್ನು ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಸಾಮ್ರಾಟ ಅಶೋಕ ರಾಜಸ್ಥಾನದ ಬೈರಾಟಿನ ಶಾಸನದಲ್ಲಿ ಬರೆಸಿದ್ದಾನೆ. ಅದೇ ಅಶೋಕ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಏನು ಬರೆಸಿದ್ದಾನೆ ಗೊತ್ತೇ? ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ತಾನು ಗಟ್ಟಿಯಾಗಿ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಪ್ರಯತ್ನಿಸುತ್ತಿದ್ದೇನೆ ಎಂದು. ಕನ್ನಡ ಎಂ.ಎ.ಯಲ್ಲಿ ಈ ಶಾಸನ ಬರುವುದು ಅದರಲ್ಲಿರುವ ‘ಇಸಿಲ’ ಎಂಬ ಊರ ಹೆಸರು ಕನ್ನಡವೇ ಎಂಬ ಚರ್ಚೆಗಾಗಿ. ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಆದರೆ ಒಬ್ಬ ಚಕ್ರವರ್ತಿ, ತನ್ನ ರಾಜಧಾನಿಯಿಂದ ಇಷ್ಟು ದೂರದಲ್ಲಿ, ತನ್ನ ಆಲಸ್ಯದ ಒಂದು ವರ್ಷವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಯಾರೂ ಕೇಳಿರಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯ ನೀಲಿ ಮುಖ ಅದು!

ಬಾಬಾಸಾಹೇಬರೂ ಹೀಗೆಯೇ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ಸಿದ್ಧಾರ್ಥನನ್ನು ಮನೆಯಿಂದ ನೇರವಾಗಿ ಬೋಧಿ ವೃಕ್ಷದ ಕೆಳಗೆ ತಂದು ಕೂರಿಸುವುದಿಲ್ಲ. ಭೃಗು ಆಶ್ರಮ, ಸಾಂಖ್ಯದ ಅಧ್ಯಯನ, ಸಮಾಧಿ ಮಾರ್ಗ, ಆರು ವರ್ಷದ ದೇಹದಂಡನೆ, ಒಂದೊಂದಕ್ಕೂ ಪ್ರತ್ಯೇಕ ಪ್ರಕರಣ. ಎಲ್ಲಿ ಹೋದ, ಏನು ಕಲಿತ, ತನ್ನ ಪ್ರಶ್ನೆಗೆ ಉತ್ತರ ಅಲ್ಲಿ ಏಕೆ ಸಿಗಲಿಲ್ಲ. ಅವರ ಸ್ವಂತ ಬದುಕಿನಲ್ಲೂ ನಾಸಿಕದ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ 1930ರ ಮಾರ್ಚ್ 2ರಂದು ಶುರುವಾಯಿತು. ವರ್ಷಗಳು ಕಳೆದರೂ ಬಾಗಿಲು ತೆರೆಯಲಿಲ್ಲ. ಅದನ್ನು ಗೆಲುವೆಂದು ಅವರು ಬಣ್ಣ ಹಚ್ಚಲಿಲ್ಲ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಸಾವಿರಾರು ಜನರ ಮುಂದೆ, ಆ ಪ್ರಯತ್ನ ಫಲ ಕೊಡಲಿಲ್ಲ, ಅದನ್ನು ನಿಲ್ಲಿಸಿ ಎಂದು ಹೇಳಿದರು. ತಾನು ಹಿಂದೂವಾಗಿ ಸಾಯುವುದಿಲ್ಲ ಎಂದದ್ದೂ ಅದೇ ವೇದಿಕೆಯಲ್ಲಿ. ಅಲ್ಲಿಂದ ನಾಗಪುರದ 1956ರ ಅಕ್ಟೋಬರ್ 14ಕ್ಕೆ 21 ವರ್ಷ.

ಈ ಭಾನುವಾರದ ಓದಿಗೆ ‘ಬುದ್ಧ ಮತ್ತು ಆತನ ಧಮ್ಮ’ದ ಮೊದಲ ಪುಸ್ತಕದ ಮೂರನೇ ಭಾಗ ಇಟ್ಟುಕೊಂಡಿದ್ದೇವೆ. ಭೃಗು ಆಶ್ರಮದಿಂದ ಶುರು. ಪುಸ್ತಕ ಇಲ್ಲದವರು ಪಕ್ಕದವರ ಜೊತೆ ಕೂತು ಓದಬಹುದು. ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.