ಮನೆ ನಿನ್ನ ಹೆಸರಿಗಾಯಿತು, ವಿಲ್ ಯಾವಾಗ?

ನೋಡಮ್ಮ, ಫ್ಲ್ಯಾಟು ನಿನ್ನ ಹೆಸರಿಗೇ ರಿಜಿಸ್ಟರ್ ಆಯಿತು ಅಂತ ಕೇಳಿ ತುಂಬಾ ಸಂತೋಷವಾಯಿತು. ಸಾಲ ನಿನ್ನದು, ಕಂತು ಕಟ್ಟುವವಳೂ ನೀನು, ಖಾತೆಯಲ್ಲೂ ನಿನ್ನದೇ ಹೆಸರು. ಗೃಹಪ್ರವೇಶದ ಊಟ ಉಂಡು ಹರಸಿ ಬರುವುದಷ್ಟೇ ದೊಡ್ಡವರ ಕೆಲಸ ಅನ್ನುತ್ತಾರೆ. ಆದರೆ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆಗಳನ್ನು ನಡೆಸುತ್ತಲೇ ತಲೆ ನರೆಸಿಕೊಂಡವಳು ನಾನು. ಹರಕೆಯ ಜೊತೆಗೆ ಒಂದು ಮಾತು ಕೇಳದೆ ಇರಲಾರೆ. ನಿನ್ನ ನಂತರ ಆ ಮನೆ ಯಾರಿಗೆ?

‘ಬಿಡ್ತು ಅನ್ನಿ ದೊಡ್ಡಮ್ಮ’ ಅನ್ನಬೇಡ. ಎಲ್ಲರೂ ಹಾಗೆಂದೇ ಈ ಮಾತನ್ನು ಮುಂದೂಡುತ್ತಾರೆ.

ಗಂಡ, ಮಕ್ಕಳಿಗೆ ಹೋಗುತ್ತೆ, ಅವರಿಲ್ಲದಿದ್ದರೆ ಅಪ್ಪ ಅಮ್ಮನಿಗೆ ಅಂತ ನೀನು ಅಂದುಕೊಂಡಿರುತ್ತೀಯ. ಮೊದಲರ್ಧ ಸರಿ, ಉಳಿದರ್ಧ ತಪ್ಪು. ಮದುವೆಯಾದ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ಅವಳ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅಂದರೆ ಅತ್ತೆಗೆ, ಅತ್ತೆ ಇಲ್ಲದಿದ್ದರೆ ಮಾವನಿಗೆ, ಅವರೂ ಇಲ್ಲದಿದ್ದರೆ ಭಾವ, ಮೈದುನ, ನಾದಿನಿಯರಿಗೆ, ಹೀಗೆ ಆ ಕಡೆಯ ಸಾಲು ಪೂರ್ತಿ ಮುಗಿಯಬೇಕು. ನಿನ್ನನ್ನು ಹೆತ್ತು ಓದಿಸಿದ ಅಪ್ಪ ಅಮ್ಮನ ಸರದಿ ಬರುವುದು ಅದಾದ ಮೇಲೆ.

ಗಂಡಸಿಗಾದರೆ ಲೆಕ್ಕವೇ ಬೇರೆ. ಅವನ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆ ಅವನ ತಾಯಿಗೂ ಮೊದಲ ಸಾಲಿನಲ್ಲೇ ಸಮಪಾಲು. ಹೆಂಡತಿಯ ತವರಿನವರ ಹೆಸರು ಆ ಪಟ್ಟಿಯಲ್ಲಿ ಹುಡುಕಿದರೂ ಸಿಗದು.

ಕಾಗದದ ಮೇಲಿನ ಕಾನೂನು ತಾನೇ ಅನ್ನುತ್ತೀಯಾ? ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಅನ್ನುವ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2009ರಲ್ಲಿ. ಹೆಣ್ಣುಮಗಳೊಬ್ಬಳಿಗೆ ಮದುವೆಯಾಗಿ ಮೂರೇ ತಿಂಗಳಿಗೆ ಗಂಡ ಹಾವು ಕಚ್ಚಿ ತೀರಿಹೋದ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಕರೆತಂದು ಓದಿಸಿದರು, ಅವಳು ಕೆಲಸ ಹಿಡಿದಳು, ಒಂಟಿಯಾಗಿ ದುಡಿದಳು. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿ ಠೇವಣಿ ಇತ್ತು, ಭವಿಷ್ಯನಿಧಿಯ ಹಣವೂ ಇತ್ತು. ವಿಲ್ ಮಾತ್ರ ಇರಲಿಲ್ಲ. ಹೆತ್ತ ತಾಯಿ ನನಗೆ ಬರಬೇಕು ಅಂದಳು. ನಾಲ್ಕು ದಶಕ ಅವಳತ್ತ ತಿರುಗಿ ನೋಡದಿದ್ದ ಗಂಡನ ಕಡೆಯಿಂದ ಅವನ ಅಕ್ಕತಂಗಿಯ ಮಕ್ಕಳು ನಮಗೆ ಬರಬೇಕು ಅಂದರು. ಗೆದ್ದವರು ಅವರೇ. ಅನುಕಂಪ ನೋಡಿ ಕಾನೂನಿನ ಅರ್ಥ ಬದಲಿಸಲಾಗದು ಅನ್ನುವುದು ನ್ಯಾಯಾಲಯದ ನಿಲುವು. ನ್ಯಾಯಮೂರ್ತಿಗಳನ್ನು ದೂರಿ ಫಲವಿಲ್ಲ, ಸೆಕ್ಷನ್ ಇರುವುದೇ ಹಾಗೆ.

ಹೀಗೇಕೆ ಬರೆದರು? 1956ರಲ್ಲಿ ಸ್ವಂತ ದುಡಿಮೆಯಿಂದ ಆಸ್ತಿ ಮಾಡಿದ ಹೆಂಗಸರು ಬೆರಳೆಣಿಕೆಯಷ್ಟು. ಮದುವೆಯಾದವಳು ಗಂಡನ ಮನೆಯವಳು, ಅವಳದ್ದೆಲ್ಲ ಆ ಮನೆಯದ್ದೇ ಅನ್ನುವ ಕಾಲ. ಹೆಣ್ಣಿನ ಹಕ್ಕಿನ ಕಾನೂನು ಬದಲಾಗಲೇ ಇಲ್ಲ ಅಂತಲ್ಲ. ನಮ್ಮ ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯಿದೆ ತಂದಿತ್ತು (ಈ ಹೆಮ್ಮೆ ನಮಗಿರಲಿ). 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ, ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟವು. ಹೆಣ್ಣಿಗೆ ಆಸ್ತಿ ಬರುವ ದಾರಿಯನ್ನು ಸರಿಮಾಡಿದವರು, ಅವಳಿಂದ ಮುಂದಕ್ಕೆ ಹೋಗುವ ದಾರಿಯನ್ನು ಮಾತ್ರ ಇದ್ದ ಹಾಗೇ ಬಿಟ್ಟರು. 2005ರ ತಿದ್ದುಪಡಿ 15ನೇ ಸೆಕ್ಷನ್ನನ್ನು ಮುಟ್ಟಲೇ ಇಲ್ಲ.

ಇದರಲ್ಲೊಂದು ಒಳಗುಟ್ಟಿದೆ, ಗಮನವಿಟ್ಟು ಕೇಳು. ಅಪ್ಪ ಅಮ್ಮನಿಂದ ವಾರಸಾಗಿ ಬಂದ ಆಸ್ತಿಯಾದರೆ, ನಿನಗೆ ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದಲ್ಲಿ ಅದು ಅಪ್ಪನ ವಾರಸುದಾರರಿಗೇ ಹಿಂತಿರುಗುತ್ತದೆ. ಆದರೆ ಆ ರಿಯಾಯಿತಿ ಇರುವುದು ವಾರಸಾಗಿ ಬಂದದ್ದಕ್ಕೆ ಮಾತ್ರ. ಅಪ್ಪ ಬದುಕಿರುವಾಗಲೇ ದಾನಪತ್ರ ಮಾಡಿಕೊಟ್ಟ ಸೈಟು ಆ ಲೆಕ್ಕಕ್ಕೆ ಬರುವುದಿಲ್ಲ, ಅದು ನಿನ್ನ ದುಡಿಮೆಯ ಫ್ಲ್ಯಾಟಿನ ಹಾಗೇ ಗಂಡನ ಕಡೆಯ ಸಾಲಿಗೆ ಹೋಗುತ್ತದೆ. ತವರಿನ ಪಾಲು ಮಾರಿ ಬೆಂಗಳೂರಿನಲ್ಲಿ ಇನ್ನೊಂದು ಸೈಟು ಕೊಂಡರೂ ಇದೇ ತಕರಾರು ಏಳುತ್ತದೆ. ಮಗಳಿಗೆ ಪ್ರೀತಿಯಿಂದ ಗಿಫ್ಟ್ ಡೀಡ್ ಮಾಡಿಸುವ ಎಷ್ಟೋ ತಂದೆಯರಿಗೆ ಇದು ಗೊತ್ತೇ ಇಲ್ಲ.

ಸೆಕ್ಷನ್ ಬದಲಾಗಬೇಕು ಅನ್ನುವ ಮಾತು ಹಳೆಯದು. 2008ರಲ್ಲಿ ಕಾನೂನು ಆಯೋಗ ತನ್ನ 207ನೇ ವರದಿಯಲ್ಲಿ, ಹೆಂಗಸು ತಾನೇ ಗಳಿಸಿದ ಆಸ್ತಿ ಗಂಡನ ಕಡೆಯವರಿಗೂ ತವರಿನ ಕಡೆಯವರಿಗೂ ಒಟ್ಟಿಗೇ ಹೋಗಲಿ ಎಂದು ಶಿಫಾರಸು ಮಾಡಿತು. ವರದಿ ವರದಿಯಾಗಿಯೇ ಉಳಿಯಿತು. ಸೆಕ್ಷನ್ನಿನ ಪರ ಮಾತಾಡುವವರ ವಾದವನ್ನೂ ತಳ್ಳಿಹಾಕುವಂತಿಲ್ಲ: ಗಂಡ ಹೆಂಡತಿ ಇಬ್ಬರೂ ದುಡಿದು ಅವಳ ಹೆಸರಲ್ಲಿ ಮನೆ ಮಾಡಿ, ಇಬ್ಬರೂ ಇಲ್ಲವಾದರೆ, ಅದೇ ಮನೆಯಲ್ಲಿರುವ ಮುದಿ ಅತ್ತೆ ಎಲ್ಲಿಗೆ ಹೋಗಬೇಕು? ಪ್ರಶ್ನೆ ನಿಜವಾದದ್ದೇ. ಆದರೆ ಅತ್ತೆಯನ್ನು ಕಾಪಾಡಲು ತಾಯಿಯನ್ನು ಹೊರಗಿಡಬೇಕಾಗಿಲ್ಲ, ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಬಹುದು. ನನ್ನ ಮಟ್ಟಿಗೆ ಆಯೋಗ ಹೇಳಿದ್ದೇ ಸರಿ.

2025ರ ನವೆಂಬರಿನಲ್ಲಿ ಇದೇ ಸೆಕ್ಷನ್ನನ್ನು ಪ್ರಶ್ನಿಸಿದ ಅರ್ಜಿ ನಮ್ಮ ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ ಮುಂದೆ ಬಂತು. ಸೆಕ್ಷನ್ ಸಂವಿಧಾನಕ್ಕೆ ಒಪ್ಪುತ್ತದೋ ಇಲ್ಲವೋ ಎಂಬುದನ್ನು ಪೀಠ ತೀರ್ಮಾನಿಸಲಿಲ್ಲ, ಆ ಪ್ರಶ್ನೆಯನ್ನು ಮುಂದಕ್ಕೆ ಉಳಿಸಿತು. ಆದರೆ ಹೆಂಗಸರೆಲ್ಲ, ಅದರಲ್ಲೂ ಹಿಂದೂ ಹೆಂಗಸರು, ತಡಮಾಡದೆ ವಿಲ್ ಬರೆದಿಡಿ ಎಂದು ಮನವಿ ಮಾಡಿತು. ಸುಪ್ರೀಂ ಕೋರ್ಟೇ ಹಾಗೆ ಹೇಳಿದ ಮೇಲೆ ನಾನು ಹೇಳುವುದರಲ್ಲಿ ಹೊಸದೇನಿದೆ?

ವಿಲ್ ಬರೆಯಲು ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆ. ತಾರೀಕು ಹಾಕು. ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆದದ್ದು ಅಂತ ಹೇಳು. ಫ್ಲ್ಯಾಟಿನ ನಂಬರು, ಸೈಟಾದರೆ ಚಕ್ಕುಬಂದಿ, ಬ್ಯಾಂಕಿನ ಹೆಸರು, ಲಾಕರಿನಲ್ಲಿರುವ ಚಿನ್ನ, ಯಾವುದು ಯಾರಿಗೆ ಅನ್ನುವುದನ್ನು ಬಿಡಿಸಿ ಬರೆ. ‘ನನ್ನದೆಲ್ಲ ಮನೆಯವರಿಗೆ’ ಅಂದರೆ ಯಾವ ಮನೆಯವರಿಗೆ ಅಂತಲೇ ಹತ್ತು ವರ್ಷ ದಾವೆ ನಡೆದೀತು. ಪ್ರತಿ ಪುಟಕ್ಕೂ ಸಹಿ ಹಾಕು. ಕಡೆಗೆ ಇಬ್ಬರು ಸಾಕ್ಷಿಗಳು ಬೇಕು; ನೀನು ಸಹಿ ಹಾಕುವುದನ್ನು ಅವರು ನೋಡಬೇಕು, ಅವರೂ ನಿನ್ನ ಕಣ್ಣೆದುರೇ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡ, ಅನುಮಾನಕ್ಕೆ ಎಡೆಯಾಗುತ್ತದೆ. ನಿನಗಿಂತ ಚಿಕ್ಕ ವಯಸ್ಸಿನವರನ್ನು ಕರೆ, ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಬದುಕಿರಬೇಕಲ್ಲ. ರಿಜಿಸ್ಟರ್ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ, ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಬೇರೆ ವಿಲ್ ಬರೆಯಬಹುದು, ಕೊನೆಯದ್ದೇ ಊರ್ಜಿತ.

ನಾಮಿನಿ ಇದ್ದಾರಲ್ಲ ಅಂತ ಸುಮ್ಮನಾಗಬೇಡ. ಬ್ಯಾಂಕು ದುಡ್ಡನ್ನು ನಾಮಿನಿಯ ಕೈಗೆ ಕೊಟ್ಟು ತನ್ನ ಜವಾಬ್ದಾರಿ ಮುಗಿಸುತ್ತದೆ, ಅಷ್ಟೇ. ಆ ದುಡ್ಡಿನ ಮೇಲೆ ವಾರಸುದಾರರ ಹಕ್ಕು ಹಾಗೇ ಇರುತ್ತದೆ. ಷೇರುಗಳ ವಿಷಯದಲ್ಲೂ ನಾಮಿನಿ ಒಡೆಯನಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇಷ್ಟೂ ಹೇಳಿದ್ದು ಹಿಂದೂ, ಜೈನ, ಬೌದ್ಧ, ಸಿಖ್ ಹೆಣ್ಣುಮಕ್ಕಳ ಮಾತು. ನಿನ್ನ ಆಫೀಸಿನ ಮುಸ್ಲಿಂ ಗೆಳತಿಗೆ ಬೇರೆ ಕಾನೂನಿದೆ, ಅಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚಿಗೆ ವಿಲ್ ನಡೆಯದು. ಅವಳು ತಿಳಿದ ವಕೀಲರನ್ನು ಕೇಳಲಿ.

ಗಂಡನಿಗೆ ಹೇಳದೆ ಕದ್ದುಮುಚ್ಚಿ ಬರೆಯುವ ಕಾಗದವಲ್ಲ ಇದು. ಅವನನ್ನೂ ಕೂರಿಸಿಕೋ, ಅವನೂ ತನ್ನದನ್ನು ಬರೆಯಲಿ. ನಿಮ್ಮಮ್ಮನಿಗೂ ಒಂದು ಮಾತು ಹೇಳು. ಊರಿನ ತೋಟದಲ್ಲಿ ಅವಳ ಪಾಲು ಅವಳ ಹೆಸರಿಗೆ ಬಂದಿದ್ದರೆ ಅವಳೂ ಬರೆಯಬೇಕಾದವಳೇ. ಮುಂದಿನ ಭಾನುವಾರ ಕರಡು ತಯಾರಿಟ್ಟುಕೊಂಡು ಫೋನ್ ಮಾಡು, ಓದಿ ನೋಡುತ್ತೇನೆ.